ಹಸಿರು ಬಾಗಿಲ ಚಿಲಕ

ಎರಡು ಮಳೆಗಾಲ ಬಸವಮ್ಮನ ತಲೆ ಮೇಲೆ ಮನುಷ್ಯರ ಹೇಲು ಹೊರಿಸಿದರು. ಅದು ಏನೆಂದು ಅವಳಿಗೆ ಹೇಳಿರಲಿಲ್ಲ.

ಅವಳಿಗೆ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ, ಯಾದವಗಿರಿಯ ಆ ಮನೆಯ ಹಿತ್ತಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದಾಗ. ಆರ್ಕಿಟೆಕ್ಚರ್ ಓದುವ ಹುಡುಗ ಹುಡುಗಿಯರು ಮನೆ ನೋಡಲು ಬಂದಿದ್ದರು. ಮನೆಯ ಯಜಮಾನ ಮೋಹನ್ ಆರ್ಕಿಟೆಕ್ಟ್. ತನ್ನ ಮನೆಗೆ ತಾನೇ ನಕ್ಷೆ ಹಾಕಿದ್ದ. ಸುಡದ ಮಣ್ಣಿನ ಇಟ್ಟಿಗೆ, ಬಣ್ಣ ಕಾಣದ ಗೋಡೆ, ತಾರಸಿಯಲ್ಲಿ ಸೋಲಾರ್, ಮಳೆನೀರಿಗೆ ನೆಲದೊಳಗೆ ತೊಟ್ಟಿ. ಒಂದೊಂದನ್ನೂ ಮುಟ್ಟಿ ಮುಟ್ಟಿ ತೋರಿಸುತ್ತ, ಕೊನೆಗೆ ಎಲ್ಲರನ್ನೂ ಹಿಂಬದಿಯ ಗೋಡೆಯ ಹತ್ತಿರ ಕರೆತಂದ. ಅಲ್ಲಿ ಮೊಣಕಾಲೆತ್ತರಕ್ಕೆ ಹಸಿರು ಬಣ್ಣ ಬಳಿದ ಸಣ್ಣ ಕಬ್ಬಿಣದ ಬಾಗಿಲಿತ್ತು.

ಆ ಬಾಗಿಲನ್ನು ಬಸವಮ್ಮನಷ್ಟು ಬಲ್ಲವರು ಯಾರೂ ಇರಲಿಲ್ಲ. ಚಿಲಕ ಎತ್ತಿ, ಒಳಗಿನ ಕಪ್ಪು ಗೊಬ್ಬರವನ್ನು ಬರಿಗೈಯಲ್ಲಿ ಬಾಚಿ ಬುಟ್ಟಿಗೆ ತುಂಬಿ, ತಾರಸಿಗೆ ಹೊತ್ತು, ದಂಟಿನ ಸೊಪ್ಪಿನ ಪಾತಿಗೆ ಕಲೆಸುವುದು ಅವಳ ಕೆಲಸ. ಎಲೆ ಕಸ, ತರಕಾರಿ ಸಿಪ್ಪೆ ಕೊಳೆತದ್ದು ಎಂದು ಮೋಹನನ ಹೆಂಡತಿ ಗಗನ ಮೊದಲ ದಿನವೇ ಹೇಳಿದ್ದಳು. ಅದು ಟೀಪುಡಿಯ ಹಾಗೆ ಉದುರುದುರಾಗಿತ್ತು. ಒಳ್ಳೆ ವಾಸನೆ ಕಣಮ್ಮ, ಮೊದಲ ಮಳೆ ಬಿದ್ದ ಮಣ್ಣಿನ ಹಾಗೆ ಎಂದು ಬಸವಮ್ಮ ಒಮ್ಮೆ ಮೆಚ್ಚಿಕೊಂಡಿದ್ದಳು. ಆ ಮಾತನ್ನು ಮೋಹನ್ ಬಂದವರಿಗೆಲ್ಲ ಹೇಳುತ್ತಿದ್ದ, ಇವತ್ತೂ ಹೇಳಿದ. ಹೇಳಿ, ಮನೆಯೊಳಗಿನ ಕಕ್ಕಸು ಸರಿಯಾಗಿ ಈ ಬಾಗಿಲಿನ ಮೇಲಿದೆ ಎಂದ. ಅದಕ್ಕೆ ನೀರೇ ಬೇಡ, ಹೋಗಿ ಬಂದವರು ಒಂದು ಹಿಡಿ ಮರದ ಪುಡಿ ಹಾಕಿದರೆ ಆಯಿತು, ಕೆಳಗಿನ ಎರಡು ಗುಂಡಿಗಳಲ್ಲಿ ಒಂದು ತುಂಬಿದ ಮೇಲೆ ಅದನ್ನು ವರ್ಷ ಮುಚ್ಚಿಟ್ಟರೆ ಹೀಗಾಗುತ್ತದೆ, ಈ ಮನೆಯಿಂದ ಊರಿನ ಚರಂಡಿಗೆ ಒಂದು ತೊಟ್ಟು ಕೊಳೆಯೂ ಹೋಗುವುದಿಲ್ಲ ಎಂದ. ಹುಡುಗರು ಬರೆದುಕೊಂಡರು.

ಬಸವಮ್ಮ ಆ ಕಕ್ಕಸನ್ನು ನೋಡಿದವಳಲ್ಲ. ಕೆಲಸದವರಿಗೆ ಗೇಟಿನ ಪಕ್ಕ ಬೇರೆ ಕಟ್ಟಿಸಿದ್ದರು. ಅದರಲ್ಲಿ ನಲ್ಲಿ ಇತ್ತು, ನೀರು ಬರುತ್ತಿತ್ತು.

"ಇದನ್ನ ಯಾರು ಸರ್ ತೆಗೆಯೋದು?" ಕನ್ನಡಕದ ಹುಡುಗಿಯೊಬ್ಬಳು ಕೇಳಿದಳು.

"ನಮ್ಮ ಬಸವಮ್ಮ. ಅವ್ರಿಗೆ ಅಭ್ಯಾಸ ಇದೆ."

ಬಸವಮ್ಮ ತನ್ನ ಬಲಗೈ ನೋಡಿಕೊಂಡಳು. ಕೈ ಎಂದಿನಂತೆಯೇ ಇತ್ತು. ಉಗುರಿನ ಸಂದಿಯಲ್ಲಿ ನಿನ್ನೆಯ ಕಪ್ಪು. ಅಳು ಬರಲಿಲ್ಲ. ತುಂಬ ಹೊತ್ತು ತಣ್ಣೀರಲ್ಲಿಟ್ಟು ತೆಗೆದ ಹಾಗೆ ಬೆರಳು ಮರಗಟ್ಟಿದ್ದವು.

ಅವಳ ಅವ್ವ ಪುಟ್ಟಲಿಂಗಮ್ಮ ಕೃಷ್ಣಮೂರ್ತಿಪುರಂ ಮನೆಗಳ ಹಿಂದಿನ ಓಣಿಯಲ್ಲಿ ಕಕ್ಕಸಿನ ಬಕೆಟ್ಟು ಹೊತ್ತವಳು. ಸರ್ಕಾರ ಅದನ್ನು ನಿಲ್ಲಿಸಿ, ಅವಳು ಬೀದಿ ಗುಡಿಸುವ ಕೆಲಸಕ್ಕೆ ಹೋದ ಮೇಲೂ ಮಗಳಿಗೆ ಒಂದು ದಿನವೂ ಕೈತುತ್ತು ಕೊಡಲಿಲ್ಲ. ಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದುದು ಅಜ್ಜಿ. ಅವ್ವ ಒಲೆಗೆ ಸೌದೆ ಒಡ್ಡುವಳು, ತಟ್ಟೆಯನ್ನು ಬೆರಳ ತುದಿಯಲ್ಲಷ್ಟೇ ಮಗಳತ್ತ ತಳ್ಳುವಳು. "ನೀನೇ ಮುರ್ಕೊಂಡು ತಿನ್ನು ಕಣವ್ವ" ಎನ್ನುವಳು. ಸಾಯುವವರೆಗೂ ಹಾಗೆಯೇ.

ಬಸವಮ್ಮ ಆ ಬಾಕಿಯನ್ನೆಲ್ಲ ಮೊಮ್ಮಗಳು ಅನುಪಮಾಳಿಗೆ ತೀರಿಸುತ್ತಿದ್ದಳು. ಸಂಜೆ ಮನೆಗೆ ಹೋಗಿ, ಗಗನ ಕೊಟ್ಟ ದಂಟಿನ ಸೊಪ್ಪಿನ ಸಾರಿಗೆ ಅನ್ನ ಕಲೆಸಿ ತುತ್ತು ಮಾಡಿ ಬಾಯಿಗಿಡುವಳು. ಮಗು ಬೇಕೆಂದೇ ಬೆರಳು ಕಚ್ಚಿ ನಗುವುದು. ನಿನ್ನೆಯೂ ಕಚ್ಚಿತ್ತು. ಆ ಅನ್ನ ಈ ಮನೆಯ ಸಂಬಳದ್ದು; ಮಗುವಿನ ತಾಯಿಯ ದುಡಿಮೆ ಮನೆ ಬಾಡಿಗೆಗೆ ಸರಿಹೋಗುತ್ತಿತ್ತು.

"ಬಸವಮ್ಮ, ಒಂದು ಬುಟ್ಟಿ ತೆಗೀರಿ, ಇವ್ರು ಮೂಸಿ ನೋಡ್ಲಿ" ಎಂದ ಮೋಹನ್. ಅವನು ಯಾರನ್ನೂ ಏಕವಚನದಲ್ಲಿ ಕರೆಯುವವನಲ್ಲ.

"ಇದು ಮನ್ಸರ್ದಾ ಸಾರ್?"

"ಆಗಿತ್ತು. ಈಗ ಬರೀ ಮಣ್ಣು."

"ನಂಗ್ಯಾಕೆ ಏಳ್ನಿಲ್ಲ?"

ಮೋಹನ್ ಹುಡುಗರ ಕಡೆ ನೋಡಿ ನಕ್ಕ. ಗಗನ ಹತ್ತಿರ ಬಂದು, ಹೇಳಿದ್ದರೆ ನೀವು ಸುಮ್ಮನೆ ಬೇಜಾರು ಮಾಡಿಕೊಳ್ಳುತ್ತಿದ್ದಿರಿ ಎಂದು ತಗ್ಗಿದ ದನಿಯಲ್ಲಿ ಸಮಾಧಾನ ಹೇಳಿದಳು. ನಾಳೆಯೇ ಗ್ಲೌಸ್ ತರಿಸುತ್ತೇನೆ ಎಂದಳು. "ಇಷ್ಟು ದಿನ ಮಾಡಿದ್ದೀರಲ್ಲ, ಬಂದವರ ಮುಂದೆ ಇವತ್ತೇನು ಇದು?"

"ಮಣ್ಣೇ ಆದ್ರೆ ನೀವೊಂದು ಬೊಗ್ಸೆ ತಗೀರವ್ವ."

ಗಗನ ಕೈ ಕಟ್ಟಿಕೊಂಡಳು. ಯಾರೋ ಒಬ್ಬ ಹುಡುಗ ಕೆಮ್ಮಿದ. ಮೋಹನನ ನಗು ಮುಖದಲ್ಲೇ ನಿಂತಿತ್ತು, ಆದರೆ ದನಿ ಬದಲಾಗಿತ್ತು. ತುಂಬುವುದು ಬೇಡ, ಬರೀ ಬಾಗಿಲು ತೆರೆದರೆ ಸಾಕು ಎಂದ. ಬಸವಮ್ಮ ಕದಲಲಿಲ್ಲ.

"ತೆಗಿ ಅಂದ್ರೆ ತೆಗಿ. ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ."

"ತಗಿಯಕಿಲ್ಲ ಸಾರ್."

ಬುಟ್ಟಿಯನ್ನು ನೆಲಕ್ಕೆ ಕವುಚಿ ಹಾಕಿ ಅದರ ಮೇಲೆ ಕೂತಳು. ಎರಡೂ ಕೈಗಳನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡಳು, ಒಂದಕ್ಕೊಂದು ತಾಕದ ಹಾಗೆ. ಹುಡುಗರು ಬರೆಯುವುದನ್ನು ನಿಲ್ಲಿಸಿದ್ದರು. ಮೋಹನ್ ಬಾಗಿಲಿಗೆ ಒಂದೇ ಮಾರು ದೂರದಲ್ಲಿ ನಿಂತಿದ್ದ. ಚಿಲಕದ ಕಡೆ ಯಾರ ಕೈಯೂ ಹೋಗಲಿಲ್ಲ. ಬಸವಮ್ಮ ಹಿಡಿದು ಹಿಡಿದು ಅದರ ತುದಿಯ ಹಸಿರು ಅಳಿಸಿಹೋಗಿ, ಅಷ್ಟು ಕಬ್ಬಿಣ ಬಿಸಿಲಿಗೆ ಹೊಳೆಯುತ್ತಿತ್ತು.