ಡ್ರೈವರ್ ಈರಸಂಗಪ್ಪನವರ ಯೋಗದಂಡ

ನಾನೊಂದು ಯೋಗದಂಡ. ಮೊಳದುದ್ದದ ಕೋಲು, ತಲೆಯ ಮೇಲೊಂದು ಬಾಗಿದ ಅಡ್ಡಪಟ್ಟಿ. ಧ್ಯಾನಕ್ಕೆ ಕೂತವರ ಕಂಕುಳಿಗೆ ಆಸರೆ. ನರಗುಂದದ ಬಡಿಗೇರ ಮೌನೇಶಪ್ಪ ಬೇವಿನ ತುಂಡಿನಿಂದ ನನ್ನನ್ನು ಕೆತ್ತಿ, ತನ್ನ ಕಂಕುಳಲ್ಲೇ ಇಟ್ಟು ನೋಡಿ, ಕಚಗುಳಿಯಾಗಿ ಜೋರಾಗಿ ನಕ್ಕಿದ್ದ. ಆ ನಗುವೇ ನನ್ನ ಮೊದಲ ನೆನಪು.

ಮೊದಲ ಒಡತಿ ಮಠದ ನೀಲಮ್ಮತಾಯಿ. ಅವರು ತೋಳಿಟ್ಟು ಕೂತರೆ ಉಸಿರಿದೆಯೋ ಇಲ್ಲವೋ ಎಂಬಷ್ಟು ಶಾಂತ. ಸುಖವಾಗಿದ್ದೆ! ಆಗ ಬಂದರು ನಿವೃತ್ತ ಬಸ್ ಡ್ರೈವರ್ ಈರಸಂಗಪ್ಪ.

"ತಾಯೀ, ಮನಸ್ಸು ಒಂದ್ ಗಳಿಗಿ ನಿಲ್ಲವಲ್ದು. ಸಾಯೂದರಾಗ ಒಮ್ಮಿಯಾರ ಅದು ನಿಂತದ್ದು ನೋಡಬೇಕು" ಎಂದು ಅತ್ತೇಬಿಟ್ಟರು. ತಾಯಿ ನನ್ನನ್ನೇ ಎತ್ತಿ ಅವರ ಕೈಗಿಟ್ಟರು.

ಅಬ್ಬಾ, ಏನು ಫಜೀತಿ! ಕಣ್ಣು ಮುಚ್ಚಿದರೆ ಸಾಕು, ಅವರಿಗೆ ರಸ್ತೆ ಕಾಣುತ್ತಿತ್ತು, ಎಮ್ಮೆ ಅಡ್ಡ ಬರುತ್ತಿತ್ತು. ಮಡಿಚಿದ ಬಲಗಾಲು ಬಿಚ್ಚಿಕೊಂಡು ಗಕ್ಕನೆ ಬ್ರೇಕ್ ತುಳಿಯುತ್ತಿತ್ತು! ನಾನು ನೆಲಕ್ಕೆ ಬೀಳುತ್ತಿದ್ದೆ, ಆ ಸದ್ದಿಗೆ ಅವರು ಬೆಚ್ಚಿ ಏಳುತ್ತಿದ್ದರು. ಮನಸ್ಸನ್ನೂ ಹಾಗೇ ತುಳಿದು ನಿಲ್ಲಿಸಬಹುದೆಂದು ನಂಬಿದ್ದರು ಪಾಪ. ಕೊನೆಗೆ ಸೋತು ನನ್ನನ್ನು ಮರಳಿಸಲು ಮಠಕ್ಕೆ ಹೋದರು.

"ಒಂದ್ ಕಾಲು ಎಕ್ಸಲೇಟರ್ ಮ್ಯಾಲೆ, ಒಂದ್ ಕಾಲು ಬ್ರೇಕ್ ಮ್ಯಾಲೆ ಇಟ್ರ ಗಾಡಿ ಏನಾಕ್ಕೈತಿ ತಮ್ಮಾ?" ಎಂದರು ತಾಯಿ.

"ಹಾಳಾಗಿ ಹೊಕ್ಕೈತ್ರಿ."

"ಮನಸ್ಸು ನಿಲ್ಲಲೇಬೇಕು ಅನ್ನೂ ಹಟಾನೂ ಎಕ್ಸಲೇಟರೇ. ಎರಡೂ ಕಾಲು ತೆಗಿ. ಎಮ್ಮಿ ಬಂದ್ರ ಬರ್ಲಿ ಬಿಡು, ತಾನ ದಾಟಿ ಹೊಕ್ಕೈತಿ."

ಮರುದಿನ ಬೆಳಿಗ್ಗೆ ಮತ್ತೆ ಕೂತರು. ಎಮ್ಮೆ ಬಂದಿರಬೇಕು, ಬಲಗಾಲ ಹೆಬ್ಬೆರಳು ಮಿಡುಕಿತು. ನಾನು ಬೀಳಲು ಸಿದ್ಧನಾದೆ. ಆದರೆ ಹೆಬ್ಬೆರಳು ಸುಮ್ಮನಾಯಿತು! ಉಸಿರು ಸಣ್ಣಗಾಯಿತು. ಬಿಗಿದ ತೋಳು ಸಡಿಲವಾಗಿ, ನಾನು ಜಾರಿ ಕಲ್ಲುಹಾಸಿನ ಮೇಲೆ ಧಡ್ಡನೆ ಬಿದ್ದು ಸೀಳಿಹೋದೆ. ಈರಸಂಗಪ್ಪ ಅಲುಗಲೇ ಇಲ್ಲ!

ಹೆಂಡತಿ ಗೌರವ್ವ ಓಡಿಬಂದು, "ಏನ್ರೀ! ಏನಾತ್ರೀ ನಿಮಗ!" ಎಂದು ಭುಜ ಹಿಡಿದು ಅಲ್ಲಾಡಿಸಿದರು.

ಅವರು ಮೆಲ್ಲಗೆ ಕಣ್ಣು ತೆರೆದರು. ಕೆನ್ನೆ ಒದ್ದೆಯಾಗಿತ್ತು. "ಎಮ್ಮಿ ದಾಟಿ ಹೋತು, ಗೌರಿ. ಹಿಂದ ಹಾದಿನೂ ಹೋತು. ಓಡಿಸಾಂವನೂ ಇರಲಿಲ್ಲ ನೋಡು!" ಎಂದು ಮಗುವಿನಂತೆ ನಕ್ಕರು. ನೆಲದ ಮೇಲೆ ಬಿದ್ದಲ್ಲೇ ನನಗೆ ಕುಣಿಯುವಷ್ಟು ಖುಷಿ!

ಈಗ ನನಗೆ ಮುಪ್ಪು. ಮೂಲೆಯಲ್ಲಿ ಒರಗಿದ್ದೇನೆ; ಅವರು ನನ್ನ ಆಸರೆಯಿಲ್ಲದೆಯೇ ಕೂರುತ್ತಾರೆ. ಬೇಸರವೇ? ಛೆ! ಆಸರೆಯಾಗಿ ಹುಟ್ಟಿದವನಿಗೆ ಹಿಡಿದ ಕೈ ತಾನಾಗಿ ಬಿಟ್ಟ ಆ ಗಳಿಗೆಗಿಂತ ದೊಡ್ಡ ಹಬ್ಬ ಯಾವುದಿದೆ?

ಮೊನ್ನೆ ಗೌರವ್ವ ನನ್ನ ಸೀಳಿಗೆ ಅಂಟು ಹಚ್ಚಲು ಬಂದರು. ಈರಸಂಗಪ್ಪ ಕಣ್ಣು ತೆರೆಯದೆಯೇ ಅಂದರು: "ಇರ್ಲಿ ಬಿಡು."