ಚುಕ್ಕೆ ಮೇಲಾಗಿ

ಬಕೆಟ್ಟು ಮಗುಚಿದ್ದನ್ನು ಯಾರೂ ನೋಡಲಿಲ್ಲ.

ಸೊಸೆ ಮೊದಲು ಕೆಳಗೆ ಕಣ್ಣು ಹಾಯಿಸಿದಳು. ಕಡಲಂಚಿನಲ್ಲಿ ಮಾವ ಬೆನ್ನು ತಿರುಗಿಸಿ ಮಂಡಿಯೂರಿದ್ದರು. ಬರಿದಾದ ಗೂಡಿನ ಆಳವನ್ನು ತಮ್ಮ ದರ್ಜಿ ಟೇಪಿನಿಂದ ಅಳೆಯುತ್ತಿದ್ದರು. ಮೇಲೆ, ತಡೆಗೋಡೆಯ ಆಚೆ, ಊರ ಶಾಲೆಯ ಟೀಚರ್ ಹೊಸ ಗುಂಡಿ ತೋಡುವ ಸದ್ದು ಮಾತ್ರ ಕೇಳುತ್ತಿತ್ತು. ನಡುವಿನ ಕಬ್ಬಿಣದ ಮೆಟ್ಟಿಲ ಮೇಲೆ ಅವಳೊಬ್ಬಳೇ. ಪಾಚಿಗೆ ಕಾಲು ಜಾರಿ, ಬಕೆಟ್ಟು ಅಡ್ಡಬಿದ್ದು, ಒದ್ದೆ ಮರಳಿನ ಸಮೇತ ನೂರಾ ಹನ್ನೆರಡು ಆಮೆ ಮೊಟ್ಟೆಗಳು ಒಳಗೊಳಗೇ ಉರುಳಿದ್ದವು. ಒಂದೂ ಒಡೆದಿರಲಿಲ್ಲ. ಒಡೆದಿದ್ದರೆ ಬಾಯಿ ಬಿಡಲೇಬೇಕಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು.

ಕಡಲಾಮೆ ಮೊಟ್ಟೆಯಿಟ್ಟ ಕೆಲವೇ ಗಂಟೆಗಳಲ್ಲಿ ಒಳಗಿನ ಜೀವ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಅನಂತರ ಮೊಟ್ಟೆ ಉರುಳಿದರೆ ಆ ಜೀವ ಉಳಿಯುವುದು ಕಷ್ಟ. ಆದ್ದರಿಂದ ಬೆಳಗಿನ ಗಸ್ತಿನಲ್ಲಿ ತಡವಾಗಿ ಸಿಕ್ಕ ಗೂಡನ್ನು, ಅಲೆ ನುಂಗುವ ಭಯವಿದ್ದು ಸಾಗಿಸಲೇಬೇಕಾದಾಗ, ಪ್ರತಿ ಮೊಟ್ಟೆಯ ನೆತ್ತಿಗೂ ಪೆನ್ಸಿಲಿನ ಚುಕ್ಕೆಯಿಡುತ್ತಾರೆ. ಚುಕ್ಕೆ ಮೇಲಾಗಿಯೇ ಎತ್ತಬೇಕು, ಚುಕ್ಕೆ ಮೇಲಾಗಿಯೇ ಹೂಳಬೇಕು.

ಈಗ ಆ ಚುಕ್ಕೆಗಳು ನಾನಾ ದಿಕ್ಕಿಗೆ ಮುಖ ಮಾಡಿದ್ದವು. ಅವಳು ಒಂದೊಂದನ್ನೇ ತಿರುಗಿಸಿ ಚುಕ್ಕೆ ಮೇಲೆ ಮಾಡಿದಳು, ಮರಳು ಸವರಿದಳು.

"ಯಾಕಮ್ಮಾ ನಿಂತೆ?" ಕೆಳಗಿನಿಂದ ಮಾವ ಕೇಳಿದರು.

"ಸ್ವಲ್ಪ ಏದುಸಿರು ಬಂತು, ಮಾವ."

ಆ ಸುಳ್ಳಿಗೆ ಕಾರಣವಿತ್ತು. ಊರವರು ಆಮೆ ಪಾರ್ಟಿ ಎಂದು ನಗುತ್ತಿದ್ದ ಈ ಸ್ವಯಂಸೇವಕರ ಗುಂಪನ್ನು ಕಟ್ಟಿದವರೇ ಮಾವ. ತಡೆಗೋಡೆಯ ಆಚೆ, ತಂದ ಮೊಟ್ಟೆಗಳನ್ನು ಹೂಳಲು ಬೇಲಿ ಹಾಕಿ ಮಾಡಿದ ಮರಿಮನೆಯ ಬೀಗದ ಕೈ ಇಪ್ಪತ್ತು ವರ್ಷಗಳಿಂದ ಅವರ ಸೊಂಟದಲ್ಲಿತ್ತು. ಈ ವರ್ಷ ಅವರು ಕೈಯಾರೆ ಸಾಗಿಸಿದ ಎರಡು ಗೂಡುಗಳಲ್ಲಿ ಒಂದು ಮರಿಯೂ ಏಳಲಿಲ್ಲ. ಅವರ ಕೈ ನಡುಗತೊಡಗಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸವನ್ನು ಸೊಸೆ ಸದ್ದಿಲ್ಲದೆ ತಾನೇ ವಹಿಸಿಕೊಂಡಿದ್ದಳು. ಮೂರನೆಯದೂ ಕೆಟ್ಟರೆ ಕೀಲಿ ಕೊಟ್ಟು ವಿಶ್ರಾಂತಿ ತಗೊಳ್ಳಿ ಎಂದು ಟೀಚರ್ ಮೆಲ್ಲಗೆ, ಆದರೆ ಎಲ್ಲರೆದುರೇ ಹೇಳಿದ್ದರು. ಹಾಗಾದರೆ ಚುಕ್ಕೆ ನನ್ನದು, ಹೊರುವುದು ನನ್ನ ಸೊಸೆಯದು, ಅವಳ ಕೈಗೆ ನಾನು ಜವಾಬ್ದಾರ ಎಂದು ಮಾವ ಒಪ್ಪಿದ್ದರು.

ಮರಿ ಏಳಲು ಐವತ್ತು ದಿನ ಬೇಕಿತ್ತು. ಮಾವ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ದಿನಕ್ಕೊಂದು ಗೀಟು ಹಾಕಿದರು. ಗೂಡಿಗೆ ಬಿಸಿಲು ಹೆಚ್ಚಾಯಿತೆಂದು ಉಳಿದ ಲೈನಿಂಗ್ ಬಟ್ಟೆಯಲ್ಲಿ ನೆರಳು ಹೊಲಿದರು. ತನ್ನ ಹುಟ್ಟಿದ ದಿನ ಕೇಳಿದರೆ ಅಪ್ಪ ನೆನಪಿಲ್ಲದೆ ಅಮ್ಮನ ಮುಖ ನೋಡುತ್ತಿದ್ದರು, ಆಮೆಯದ್ದು ಮಾತ್ರ ನಿದ್ದೆಯಲ್ಲೂ ಹೇಳುತ್ತಾರೆ ಎಂದು ಸೊಸೆಯ ಗಂಡ ಊಟದ ಹೊತ್ತಿಗೆ ಛೇಡಿಸಿದ. ಮಾವ ನಕ್ಕರು. ಸೊಸೆ ಅವರ ತಟ್ಟೆಗೆ ಮತ್ತಷ್ಟು ಅನ್ನ ಬಡಿಸಿದಳು. ಹೇಳಿಬಿಡೋಣವೆಂದು ಅವಳು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಬೇರೇನೋ ಹೇಳಿದಳು. ಒಂದಷ್ಟಾದರೂ ಉಳಿದಿರಬಹುದು ಎಂಬ ಆಸೆ ನಾಲಿಗೆಯನ್ನು ಕಟ್ಟಿತ್ತು.

ಐವತ್ತಮೂರನೆಯ ದಿನ ಬೆಳಿಗ್ಗೆ ಗೂಡಿನ ಮೇಲಿನ ಮರಳು ಅಂಗೈಯಷ್ಟು ಕುಸಿದಿತ್ತು. ಕೆಳಗೆ ಮರಿಗಳು ಅಲುಗಾಡಿದರೆ ಹಾಗೆ ಕುಸಿಯುತ್ತದೆ. ಮಾವ ಅವಳ ತೋಳು ಹಿಡಿದರು. ತಗ್ಗಿನ ಅಂಚು ಅಲುಗಿತು, ಮರಳು ಜಾರಿತು, ಒಳಗಿಂದ ಏನೋ ತೆವಳಿ ಬಂತು.

ಏಡಿ.

ಅರವತ್ತನೆಯ ದಿನ ಟೀಚರ್ ಗೂಡು ಬಗೆದರು. ಕೈಗವಸು ಹಾಕಿ ಮೊಟ್ಟೆಗಳನ್ನು ಒಂದೊಂದಾಗಿ ಸೀಳಿ, ಒಳಗನ್ನು ಬೆಳಕಿಗೆ ಹಿಡಿದರು. ಹಳದಿ ನೀರು, ಹುಡುಕಿ ನೋಡಿದರೆ, ದಾರದೆಳೆಯಷ್ಟು ಕೆಂಪು. ಹತ್ತು, ಮೂವತ್ತು, ಎಂಬತ್ತು. ಎಲ್ಲವೂ ಒಂದೇ ವಯಸ್ಸಿಗೆ ನಿಂತುಹೋಗಿದ್ದವು. ಸಾಗಿಸಿದ ದಿನವೇ ಹೋಗಿವೆ, ಯಾರದೋ ಕೈ ತಪ್ಪಿದೆ ಎಂದರು ಟೀಚರ್.

"ಚುಕ್ಕೆ ಇಡೋವಾಗ ನನ್ನ ಕೈ ನಡುಗ್ತು," ಎಂದರು ಮಾವ. "ಉರುಳಿಸಿಬಿಟ್ಟೆ ಅನ್ಸುತ್ತೆ." ಸೊಂಟದಿಂದ ಕೀಲಿ ಬಿಚ್ಚತೊಡಗಿದರು. ದಾರದ ಗಂಟು ಬೆರಳಿಗೆ ಸಿಗಲಿಲ್ಲ. ಬಿಚ್ಚಿ ಕೊಡಲು ಟೀಚರ್ ಬಗ್ಗಿದರು.

"ಅವರಲ್ಲ, ಟೀಚರ್," ಎಂದಳು ಸೊಸೆ. "ಮೆಟ್ಟಿಲ ಮೇಲೆ ನಾನು ಬಕೆಟ್ ಬೀಳಿಸ್ದೆ. ತಿರುಗಿಸಿ ಜೋಡಿಸಿ, ಸುಮ್ಮನಾದೆ."

ಟೀಚರ್ ಕೈ ಹಿಂದಕ್ಕೆಳೆದುಕೊಂಡರು. ಮಾವ ಅವಳತ್ತ ತಿರುಗಿದರು. ಅವಳು ಬೈಗುಳಕ್ಕೆ ಸಿದ್ಧಳಾಗಿದ್ದಳು. ಅವರ ಮುಖದಲ್ಲಿ ಮೂಡಿದ್ದು ಬೇರೆಯೇ ಏನೋ. ಅದು ಆಸೆಯೆಂದು ಅವಳಿಗೆ ತಿಳಿಯಿತು.

"ಮೊದಲಿನ ಎರಡು ಗೂಡು?" ಎಂದರು ಅವರು ತಗ್ಗಿದ ದನಿಯಲ್ಲಿ. "ಅವನ್ನೂ ನೀನೇನಾದ್ರೂ ಮುಟ್ಟಿದ್ಯಾ?"

ಹೂಂ ಎಂದರೆ ಸಾಕಿತ್ತು. ಕೀಲಿ ಅವರ ಸೊಂಟದಲ್ಲೇ ಉಳಿಯುತ್ತಿತ್ತು. ನಾಳೆ ಬೇಲಿ ದಾಟಿ ಇನ್ನೊಂದು ಗೂಡಿಗೆ ಆ ನಡುಗುವ ಕೈಗಳು ಇಳಿಯುತ್ತಿದ್ದವು. ಅವಳು ಕಾಲಬಳಿಯ ಸೀಳಿದ ಚಿಪ್ಪುಗಳನ್ನು ನೋಡಿದಳು. ಮಾಸಿದರೂ ಕೆಲವುಗಳ ಮೇಲೆ ಚುಕ್ಕೆ ಹಾಗೇ ಇತ್ತು.

"ಇಲ್ಲ, ಮಾವ. ಅವನ್ನ ನೀವೇ ತಂದಿದ್ರಿ."

ಮಾವ ತಲೆಯಾಡಿಸಿದರು. ಈ ಸಲ ಗಂಟು ಬಿಚ್ಚಿತು. ಕೀಲಿಯನ್ನು ಟೀಚರ್ ಅಂಗೈಯಲ್ಲಿಟ್ಟರು. ಕಿವಿಯ ಮೇಲಿದ್ದ ಪೆನ್ಸಿಲನ್ನೂ ತೆಗೆದು ಅದರ ಪಕ್ಕದಲ್ಲಿಟ್ಟರು.

ಹಿಂದಿರುಗುವಾಗ ಬಕೆಟ್ಟು ತೊಳೆಯಲು ಇಬ್ಬರೂ ಕಡಲಿಗಿಳಿದು ಬಂದರು. ಮತ್ತೆ ಹತ್ತುವಾಗ ಮೆಟ್ಟಿಲ ನಡುವೆ ಮಾವ ನಿಂತರು.

"ಇಲ್ಲೇನಾ?"

"ಇನ್ನೂ ಎರಡು ಮೆಟ್ಟಿಲು ಮೇಲೆ."

ಅವರು ಎರಡು ಮೆಟ್ಟಿಲು ಹತ್ತಿ, ಪಾಚಿಯನ್ನು ಚಪ್ಪಲಿಯ ತುದಿಯಿಂದ ಒತ್ತಿ ನೋಡಿದರು. ಆಮೇಲೆ, ಅವಳ ಮುಖ ನೋಡದೆ, ಬರಿದಾದ ಬಕೆಟ್ಟನ್ನು ಅವಳ ಕೈಯಿಂದ ತೆಗೆದುಕೊಂಡರು. ತಂತಿಯ ಹಿಡಿ ಅವರ ಮುಷ್ಟಿಯಲ್ಲಿ ಮನೆ ಮುಟ್ಟುವವರೆಗೂ ಕಿಟಕಿಟ ಅನ್ನುತ್ತಲೇ ಇತ್ತು.