ಮೀಟರ್ ಯಾರ ಹೆಸರಲ್ಲಿದೆ?

‘ಕರೆಂಟು, ನೀರು ಎಲ್ಲ ಸೇರಿ ಇಷ್ಟು ಬಾಡಿಗೆ.’ ದೋಹಾದಲ್ಲಿ ಮನೆ ಹುಡುಕಿದವರಿಗೆ ಈ ಮಾತು ಎಷ್ಟು ಹಿತವೆಂದು ಗೊತ್ತು. ೨೦೨೧ರ ಕೊನೆಗೆ ನಾನೂ ಅದಕ್ಕೇ ಮರುಳಾಗಿ ಅಲ್ ಹಿಲಾಲ್‌ನ ಒಂದು ವಿಲ್ಲಾದಲ್ಲಿ ಎರಡು ಕೋಣೆ ಹಿಡಿದೆ. ಐದು ಸಂಸಾರಗಳಿಗೆ ಹಂಚಿದ ವಿಲ್ಲಾ, ಎಲ್ಲರಿಗೂ ಒಂದೇ ಮೀಟರ್. ಒಳಬಾಡಿಗೆಗೆ ಕೊಟ್ಟವರು ನಮ್ಮ ಕಿನ್ನಿಗೋಳಿಯ ದೇಜಪ್ಪಣ್ಣ. ನನ್ನ ಹೆಂಡತಿ ಎಡ್ನಾ ಆಗ ಏಳು ತಿಂಗಳ ಬಸುರಿ.

ಎದುರು ಮನೆಯ ಹಿರಿಯ ಉಮರಾಕ ಟೈಪಿಂಗ್ ಸೆಂಟರ್ ನಡೆಸುವವರು. ಬಾಡಿಗೆ ಪತ್ರ, ವೀಸಾ ಅರ್ಜಿ ಬರೆದು ಬರೆದು ಪಳಗಿದ ಕೈ. ಮೊದಲ ವಾರವೇ ಕೇಳಿದರು.

“ವಿಲ್ಫ್ರೆಡ್, ಮೀಟರ್ ಯಾರ ಹೆಸರಲ್ಲುಂಟು?”

“ಗೊತ್ತಿಲ್ಲ ಉಮರಾಕ. ಬಾಡಿಗೆಯಲ್ಲೇ ಎಲ್ಲ ಸೇರಿ ಉಂಟಲ್ಲ.”

“ಹಾಗಂತ ಕಾಗದದಲ್ಲಿ ಉಂಟಾ?”

“ದೇಜಪ್ಪಣ್ಣ ನಮ್ಮೂರಿನವರು. ಅವರ ಹತ್ತಿರ ಕಾಗದ ಕೇಳಿದರೆ ಎಂತ ಗ್ರಹಿಸಿಯಾರು?”

“ಗ್ರಹಿಸಲಿ ಮಾರಾಯ. ದೋಹಾ ಜದೀದಾದಲ್ಲಿ ಸಣ್ಣದೊಂದು ಫ್ಲಾಟ್ ಉಂಟು. ಬಾಡಿಗೆ ಪತ್ರ ನೋಂದಣಿ ಮಾಡಿಸಿ ಮೀಟರ್ ನಿನ್ನ ಹೆಸರಿಗೇ ಮಾಡಿಸುವ. ಬಿಲ್ಲು ಎಷ್ಟು ಬಂತು, ಕಟ್ಟಿ ಆಯ್ತಾ, ಎಲ್ಲ ನಿನಗೇ ಗೊತ್ತಾಗ್ತದೆ.”

ಡೆಪಾಸಿಟ್ ಬೇರೆ, ಓಡಾಟ ಬೇರೆ ಎಂದು ನಾನು ಮೆಸಯೀದ್‌ನ ಕಾರ್ಖಾನೆಯಲ್ಲಿ ನನಗಿದ್ದ ಶಿಫ್ಟಿನ ನೆವ ಹೇಳಿ ಜಾರಿಕೊಂಡೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬಂತೆ, ನಾವು ಹೊರಗೆ ಹೋದಾಗಲೂ ಏಸಿ ಓಡುತ್ತಿತ್ತು.

ಮುಂದಿನ ಜುಲೈಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಇಡೀ ವಿಲ್ಲಾದ ಎಂಟು ತಿಂಗಳ ಬಿಲ್ಲು ಬಾಕಿಯಂತೆ, ಐದು ಸಂಸಾರ ಸೇರಿದರೂ ಕಟ್ಟಲಾಗದಷ್ಟು. ದೇಜಪ್ಪಣ್ಣನ ಫೋನು ಬಂದ್. ಊರಿಗೆ ಹೋಗಿದ್ದಾರೆ ಎಂದರು ಯಾರೋ. ಹೊರಗೆ ನಲವತ್ತೇಳು ಡಿಗ್ರಿ, ಐದು ತಿಂಗಳ ಮಗಳ ಮೈತುಂಬ ಬೆವರುಸಾಲೆ.

ಉಮರಾಕ ನಮ್ಮನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. “ನಾಳೆಯೇ ಕರೆಂಟು ಆಫೀಸಿಗೆ ಹೋಗಿ ಕೇಳುವ ಅಂದರೆ, ನಿನ್ನ ಹೆಸರೇ ಎಲ್ಲಿಯೂ ಇಲ್ಲವಲ್ಲ ಮಾರಾಯ,” ಎಂದರು. ಆಗ ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಬೇರೆ ಮನೆ ಹುಡುಕಿದೆ. ವರ್ಲ್ಡ್ ಕಪ್ಪಿಗೆ ನಾಲ್ಕೇ ತಿಂಗಳು, ಬಾಡಿಗೆ ಕೈಗೆಟುಕುವಂತಿರಲಿಲ್ಲ. ಎಡ್ನಾ ಬೈಯಲಿಲ್ಲ. “ಊರಿನವರು ಅಂತ ಒಂದು ಮಾತು ಕೇಳದೆ ಬಿಟ್ಟಿರಲ್ಲ,” ಎಂದಳು ಅಷ್ಟೆ. ಐದನೆಯ ದಿನ ಅವಳೂ ಮಗಳೂ ಮಂಗಳೂರಿನ ವಿಮಾನ ಹತ್ತಿದರು. ನಾನು ಒಂಟಿ ಕೆಲಸಗಾರರಿರುವ ಕಂಪನಿ ಕ್ಯಾಂಪಿಗೆ ಹೋದೆ. ಮಗಳಿಗೆ ಹಲ್ಲು ಬಂದದ್ದು, ಅವಳು ನಡೆದದ್ದು, ಎಲ್ಲವನ್ನೂ ಫೋನಿನಲ್ಲೇ ಕಂಡೆ.

ಬಾಡಿಗೆ ಇಳಿದ ಮೇಲೆ, ೨೦೨೩ರ ಜೂನಿನಲ್ಲಿ, ಉಮರಾಕನನ್ನೇ ಮುಂದಿಟ್ಟುಕೊಂಡು ಫ್ಲಾಟ್ ಹಿಡಿದೆ. ಹಳೆ ಬಾಕಿ ಇಲ್ಲವೆಂದು ನೋಡಿ ಮೀಟರ್ ನನ್ನ ಹೆಸರಿಗೆ ಮಾಡಿಸಿದೆ. ಎಡ್ನಾ ಮಗಳೊಂದಿಗೆ ಬಂದಳು. ಏರ್‌ಪೋರ್ಟಿನಲ್ಲಿ ನಾನು ಕೈ ಚಾಚಿದರೆ, ಮಗಳು ಗುರುತು ಸಿಗದೆ ತಾಯಿಯ ಹೆಗಲಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ‘ಎಲ್ಲ ಸೇರಿ’ ಎಂಬ ಬಾಯಿಮಾತನ್ನು ನೆಚ್ಚಬೇಡಿ. ಮೀಟರ್ ಯಾರ ಹೆಸರಲ್ಲಿದೆ, ಬಾಕಿ ಇದೆಯೇ, ಬಿಲ್ಲು ಕಟ್ಟುವವರು ಯಾರು ಎಂದು ಕೇಳಿ, ಬರೆಸಿಕೊಳ್ಳಿ. ಆದಷ್ಟೂ ನಿಮ್ಮ ಹೆಸರಿಗೇ ಮಾಡಿಸಿ. ಕೇಳಿದರೆ ಊರಿನವರಿಗೆ ಒಂದು ದಿನ ಬೇಜಾರಾದೀತು. ಕೇಳದೆ ನಾನು ಮಗಳ ಒಂದು ವರ್ಷ ಕಳೆದುಕೊಂಡೆ.